ಇಂಜಿನ್‌ನಲ್ಲಿ ಠಕ್ ಠಕ್: ‘ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು’ ಅಂತಿದ್ದಾರೆ. ನಂಬಲಾ?

ಜೇವರ್ಗಿ ರೋಡ್ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ್ರಿ. ಗಾಡಿ ವಿಷಯ ಗೊತ್ತಿದ್ದವರು ಸ್ವಲ್ಪ ದಾರಿ ತೋರಿಸಿ.

ನನ್ನದು 2014ರ ಪೆಟ್ರೋಲ್ ಕಾರು. 1.2 ಲೀಟರ್, ನಾಲ್ಕು ಸಿಲಿಂಡರ್, 91 ಸಾವಿರ ಕಿ.ಮೀ. ಓಡಿದೆ. ಕಂಪನಿ ಹೆಸರು ಬೇಡ. ಹೇಳಿದರೆ ಶಬ್ದ ಬಿಟ್ಟು ಕಂಪನಿ ಜಗಳ ಶುರುವಾಗುತ್ತೆ.

ಹೋದ ವಾರ ಬೀದರ್‌ನಲ್ಲಿರುವ ಮಾವನ ಮನೆಯಿಂದ ಕಲಬುರಗಿಗೆ ವಾಪಸ್ ಬರುತ್ತಿದ್ದೆವು. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ, ಎಸಿ ಫುಲ್, ಐದು ಜನ, ಡಿಕ್ಕಿ ತುಂಬ ಅತ್ತೆ ಕಟ್ಟಿಕೊಟ್ಟ ಜೋಳದ ಚೀಲ. ಕಮಲಾಪುರದ ಏರಿನಲ್ಲಿ ಗೇರ್ ಇಳಿಸದೆ ನಾಲ್ಕರಲ್ಲೇ ಎಳೆದೆ. ಆಗ ಬಾನೆಟ್ ಒಳಗಿಂದ ಚಿಣ್ ಚಿಣ್ ಚಿಣ್ ಅಂತ ಬಂತು, ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದ ಹಾಗೆ. ಎಕ್ಸಲೇಟರ್ ಮೇಲಿನ ಕಾಲು ತೆಗೆದರೆ ಮಾಯ.

ಮರುದಿನದಿಂದ ಇನ್ನೊಂದು ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ, ನಿಂತಲ್ಲೇ, ಠಕ್ ಠಕ್ ಠಕ್. ಎಕ್ಸಲೇಟರ್ ಕೊಟ್ಟರೆ ಅದೂ ಬೇಗ ಬೇಗ. ಪಕ್ಕದ ಮನೆಯವರು ‘ಹೊಲಿಗೆ ಮಷಿನ್ ತಗೊಂಡ್ರಾ?’ ಅಂತ ಕೇಳಿದರು, ತಮಾಷೆಗಲ್ಲ, ಖರೇ ಕೇಳಿದರು.

ರಿಂಗ್ ರೋಡ್ ಬದಿಯ ಒಂದು ಗ್ಯಾರೇಜ್‌ನಲ್ಲಿ ತೋರಿಸಿದೆ. ಅರ್ಧ ನಿಮಿಷ ಕೇಳಿ, ‘ಬೇರಿಂಗ್ ಹೊಡೆದಿದೆ, ಇಂಜಿನ್ ಇಳಿಸಬೇಕು, 60 ಸಾವಿರ ಹಿಡಿದುಕೊಳ್ಳಿ’ ಅಂದರು. ಇನ್ನೊಬ್ಬರು ವಾಲ್ವ್ ಒತ್ತುವ ಟ್ಯಾಪೆಟ್ ಅಂದರು. ಮೂರನೆಯವರು ‘ದಪ್ಪ ಆಯಿಲ್ ಹಾಕಿಬಿಡಿ, ಶಬ್ದ ಸತ್ತುಹೋಗುತ್ತೆ’ ಅಂದರು. ಮೂರು ಜನ, ಮೂರು ರೋಗ. ಈಗ ಯಾರನ್ನು ನಂಬಲಿ?

ಕೆಂಪು ಬಾಳೆ · 9:52

ಟೇಪ್ ಸೌಂಡ್ ಜಾಸ್ತಿ ಮಾಡಿ ಅಣ್ಣಾ. ಮೂರು ವರ್ಷದಿಂದ ನಾನು ಅದನ್ನೇ ಮಾಡ್ತಿದ್ದೀನಿ.

ಮಿಸ್ತ್ರಿ ಮಗ · 10:05

ಮೇಲಿನವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಅಣ್ಣಾ, ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಗಾಡಿ ಸಮ ಜಾಗದಲ್ಲಿರುವಾಗ, ಆಯಿಲ್ ಕಡ್ಡಿ ಎಳೆದು ನೋಡಿ. ಒರೆಸಿ, ಮತ್ತೆ ಹಾಕಿ, ಮತ್ತೆ ಎಳೆಯಿರಿ. ಎರಡು ಗುರುತಿನ ನಡುವೆ ಇರಬೇಕು. ಕೆಂಪು ಆಯಿಲ್ ದೀಪ ಹತ್ತಿಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ಆ ದೀಪ ಹೇಳುವುದು ಒತ್ತಡದ ವಿಷಯ, ಎಷ್ಟು ಆಯಿಲ್ ಇದೆ ಅಂತ ಅಲ್ಲ. ಅದು ಹತ್ತುವ ಹೊತ್ತಿಗೆ ಅರ್ಧ ಕೆಲಸ ಕೆಟ್ಟಿರುತ್ತೆ. ಅಲ್ಲಿ ತನಕ ಗಾಡಿ ಊರ ಹೊರಗೆ ಒಯ್ಯಬೇಡಿ. ಖರೇ ಬೇರಿಂಗ್ ಹೋಗಿದ್ದರೆ, ಓಡಿಸಿದಷ್ಟೂ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ತಿನ್ನುತ್ತದೆ. ಕೊನೆಗೆ ಪಿಸ್ಟನ್ ರಾಡ್ ಇಂಜಿನ್ ಬ್ಲಾಕ್ ಒಡೆದುಕೊಂಡು ಹೊರಗೆ ಬರುತ್ತದೆ. ಆಗ 60 ಸಾವಿರಕ್ಕೂ ಮುಗಿಯಲ್ಲ.

ಇನ್ನೊಂದು, ನೀವು ಬರೆದಿರುವುದು ಎರಡು ಶಬ್ದ. ಏರಿನಲ್ಲಿ ಬಂದದ್ದು ಬೇರೆ ಜಾತಿ, ನಿಂತಲ್ಲಿ ಬರುವುದು ಬೇರೆ ಜಾತಿ. ಅಪ್ಪ ಗ್ಯಾರೇಜ್‌ನಲ್ಲಿ ಗಿರಾಕಿಗೆ ಮೊದಲು ಕೇಳುವುದು ‘ಯಾವಾಗ ಬರುತ್ತೆ?’ ಅಂತ. ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ? ಎಸಿ ಆಫ್ ಮಾಡಿದರೆ ಬದಲಾಗುತ್ತಾ? ಕ್ಲಚ್ ತುಳಿದರೆ? ಇಷ್ಟು ನೋಡಿ ಬರೆಯಿರಿ.

ಬಿದ್ರಿ ಬಾಬು · 10:11

ಇದರಲ್ಲಿ ಅಷ್ಟು ಯೋಚನೆ ಮಾಡೋದೇನಿದೆ? ಎಥೆನಾಲ್! ಇ20 (ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಹಳೇ ಗಾಡಿಗಳದ್ದೆಲ್ಲ ಇದೇ ಕಥೆ. ಗಾಡಿಗೆ ಕಬ್ಬಿನ ಹಾಲು ಕುಡಿಸಿದರೆ ಠಕ್ ಠಕ್ ಅನ್ನದೆ ಭಜನೆ ಮಾಡುತ್ತಾ?

ಶಹಾಬಾದ್ ಫರ್ಸಿ · 10:30

ನನ್ನ ಕಥೆ ಕೇಳಿ. ಎರಡು ವರ್ಷದ ಹಿಂದೆ ನನ್ನ ಗಾಡಿಯಲ್ಲೂ ಠಣ್ ಠಣ್ ಅಂತ ಶುರುವಾಯಿತು. ಬ್ರೇಕ್ ಹಾಕಿದರೆ ಒಂದು ಸಲ, ಎತ್ತಿದರೆ ಒಂದು ಸಲ. ಕ್ರ್ಯಾಂಕ್ ಅಂದರು, ಗೇರ್ ಬಾಕ್ಸ್ ಅಂದರು, ಲಿಂಕ್ ರಾಡ್ ಅಂತ ಎರಡೂ ಕಡೆ ಬದಲಿಸಿದರು. ಕೊನೆಗೆ ಆಯಿಲ್ ಬದಲಿಸಲು ಕೆಳಗಿನ ಪ್ಲಾಸ್ಟಿಕ್ ಗಾರ್ಡ್ ಬಿಚ್ಚಿದಾಗ ಅದರೊಳಗಿಂದ ಒಂದು ಪಾನಾ ಕೆಳಗೆ ಬಿತ್ತು. ಹದಿನಾಲ್ಕು ನಂಬರಿನದು. ಹಿಂದಿನ ಸರ್ವಿಸ್‌ನಲ್ಲಿ ಮರೆತದ್ದು, ಆರು ತಿಂಗಳು ನನ್ನ ಜೊತೆ ಊರೂರು ತಿರುಗಿದೆ. ಈಗ ಮನೆಯಲ್ಲಿ ಸಿಲಿಂಡರ್ ರೆಗ್ಯುಲೇಟರ್ ಪಕ್ಕ ಇಟ್ಟಿದ್ದೀನಿ.

ಕೆಂಪು ಬಾಳೆ · 10:33

ಪಾನಾ ಫ್ರೀ ಸಿಕ್ಕಿತಲ್ಲ, ಅದಕ್ಕೂ ಬೇಜಾರಾ.

ನಿವೃತ್ತ ಮೇಷ್ಟ್ರು · ಸೋಮವಾರ ಬೆಳಿಗ್ಗೆ 6:20

ಬಾಬು, ಎಥೆನಾಲ್‌ಗೆ ಬೈಯಲು ಬೇರೆ ಕಾರಣಗಳಿವೆ. ಇದೊಂದಕ್ಕೆ ಮಾತ್ರ ಬೈಯಬೇಡ.

ಪ್ಲಗ್ ಕಿಡಿ ಹೊಡೆದಾಗ ಬೆಂಕಿ ಒಂದು ಕಡೆಯಿಂದ ಹಬ್ಬುತ್ತಾ ಹೋಗಬೇಕು, ಹೊಲದಲ್ಲಿ ಒಣ ಕಸಕ್ಕೆ ಒಂದು ಬದಿಯಿಂದ ಬೆಂಕಿ ಇಟ್ಟ ಹಾಗೆ. ಆ ಬೆಂಕಿ ಬಂದು ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಗಾಳಿ ಪೆಟ್ರೋಲ್ ಮಿಶ್ರಣ ಒತ್ತಡಕ್ಕೆ, ಬಿಸಿಗೆ ತಾನೇ ಭಗ್ ಅಂತ ಹೊತ್ತಿಕೊಂಡರೆ ಅದಕ್ಕೆ ನಾಕಿಂಗ್ ಅಂತಾರೆ. ಒತ್ತಡದ ಅಲೆ ಸಿಲಿಂಡರ್ ಗೋಡೆಗೆ ಬಡಿದು ಗಂಟೆ ಹೊಡೆದ ಹಾಗೆ ಮೊಳಗುತ್ತದೆ. ಸಾಮಾನ್ಯ ಕಾರಿನ ಇಂಜಿನ್‌ನಲ್ಲಿ ಸೆಕೆಂಡಿಗೆ ಆರೇಳು ಸಾವಿರ ಸಲದ ಕಂಪನ ಅದು. ಏರಿನಲ್ಲಿ ಕೇಳಿದ ಚಿಣ್ ಚಿಣ್ ಇದೇ ಇರಬೇಕು. ಬಿಸಿಲು, ಭಾರ, ಮೇಲಿನ ಗೇರು, ಕಡಿಮೆ ಆರ್‌ಪಿಎಂ, ಇದಕ್ಕೆ ಬೇಕಾದದ್ದೆಲ್ಲ ನೀವೇ ಒದಗಿಸಿದ್ದೀರಿ.

ಈ ನಾಕಿಂಗನ್ನು ಇಂಧನ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದರ ಅಳತೆಯೇ ಆಕ್ಟೇನ್ ಸಂಖ್ಯೆ. ಐಸೋ ಆಕ್ಟೇನ್‌ಗೆ 100, ಹೆಪ್ಟೇನ್‌ಗೆ ಸೊನ್ನೆ ಅಂತ ಇಟ್ಟುಕೊಂಡು ಅಳೆಯುತ್ತಾರೆ. ನಮ್ಮ ಸಾದಾ ಪೆಟ್ರೋಲ್ 91 ಇತ್ತು. ಇ20ಗೆ ಕನಿಷ್ಠ 95 ಇರಬೇಕು ಅಂತ ನಿಯಮ. ಎಥೆನಾಲ್ ತಾನೇ 108ರ ಆಸುಪಾಸು. ಅಂದರೆ ಅದು ನಾಕಿಂಗ್ ತಡೆಯುವ ವಸ್ತು. ಮೈಲೇಜ್ ಇಳಿಯುವುದು ನಿಜ, ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲ್‌ನಲ್ಲಿ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಳೇ ಗಾಡಿಗಳ ರಬ್ಬರ್ ಪೈಪು, ಸೀಲುಗಳಿಗೆ ಅದು ಒಗ್ಗದೆಯೂ ಇರಬಹುದು.

ಬಿದ್ರಿ ಬಾಬು · 7:45

ಮೈಲೇಜ್ ಇಳಿಯುತ್ತೆ ಅಂತ ಒಪ್ಪಿದಿರಲ್ಲ ಮೇಷ್ಟ್ರೇ, ನನಗೆ ಅಷ್ಟು ಸಾಕು.

ಡೀಸೆಲ್ ಕಾಕಾ · 8:30

ಈಗಿನವರು ಒಂದು ಶಬ್ದಕ್ಕೆ ಇಷ್ಟು ಹೆದರ್ತೀರಿ. ನಾನು ಡೀಸೆಲ್‌ಗೆ ಬರುವ ಮುಂಚೆ ಪೆಟ್ರೋಲ್ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವನು. ಹುಣ್ಣಿಮೆಗೆ ಗಾಣಗಾಪುರಕ್ಕೆ ಎಂಟೆಂಟು ಜನ ಹಾಕಿಕೊಂಡು ಹೋಗ್ತಿದ್ದೆ. ಚಿಣ್ ಚಿಣ್ ಶುರುವಾದರೆ ಬೇವಿನ ಮರದ ಕೆಳಗೆ ನಿಲ್ಲಿಸೋದು, ಡಿಸ್ಟ್ರಿಬ್ಯೂಟರ್ ಬೋಲ್ಟ್ ಸಡಿಲ ಮಾಡಿ ಕೂದಲೆಳೆಯಷ್ಟು ತಿರುಗಿಸೋದು, ಕಿಡಿಯ ಟೈಮಿಂಗ್ ಹಿಂದೆ ಹೋಯ್ತು, ಶಬ್ದ ಬಂದ್. ಜನ ಇಳಿದು ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಈಗ ಅದಕ್ಕೂ ಕಂಪ್ಯೂಟರ್.

ನಿವೃತ್ತ ಮೇಷ್ಟ್ರು · 8:50

ಕಾಕಾ, ನೀವು ಕೈಯಿಂದ ಮಾಡುತ್ತಿದ್ದದ್ದನ್ನೇ ಈಗ ಗಾಡಿ ತಾನೇ ಮಾಡಿಕೊಳ್ಳುತ್ತದೆ. ಬ್ಲಾಕ್ ಮೇಲೆ ಒಂದು ನಾಕ್ ಸೆನ್ಸರ್ ಇರುತ್ತದೆ, ಮೈಕ್ ಇದ್ದ ಹಾಗೆ. ಆ ಕಂಪನ ಕೇಳಿಸಿದರೆ ಇಸಿಯು ಅನ್ನುವ ಇಂಜಿನ್ ಕಂಪ್ಯೂಟರ್ ಟೈಮಿಂಗ್ ಹಿಂದೆ ಎಳೆಯುತ್ತದೆ. ನಿಮ್ಮ ಕಾಲದ ಪೆಟ್ರೋಲ್‌ನಲ್ಲಿ ಇದೇ ನಾಕಿಂಗ್ ತಡೆಯಲು ಸೀಸ ಬೆರೆಸುತ್ತಿದ್ದರು. ಮಕ್ಕಳ ಮಿದುಳಿಗೆ ವಿಷ ಅದು. ನಮ್ಮ ದೇಶದಲ್ಲಿ 2000ದ ಫೆಬ್ರುವರಿಯಿಂದ ಪೂರ್ತಿ ನಿಂತಿತು.

ಡೀಸೆಲ್ ಕಾಕಾ · 9:02

ಅದೇ ಪೆಟ್ರೋಲ್ ಬಾಯಲ್ಲಿ ಎಳೆದು ಪೈಪ್ ಬಿಡ್ತಿದ್ದೆವು ಮೇಷ್ಟ್ರೇ. ಈಗ ಹೇಳ್ತೀರಲ್ಲ.

ಸೇಡಂ ಧೂಳು · ಮಧ್ಯಾಹ್ನ 1:15

ಏರ್ ಫಿಲ್ಟರ್ ನೋಡಿದಿರಾ? ನಮ್ಮ ಕಡೆ ಸಿಮೆಂಟ್ ಧೂಳಿಗೆ ಮೂರು ತಿಂಗಳಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತೆ.

ಮಿಸ್ತ್ರಿ ಮಗ · 1:40

ಫಿಲ್ಟರ್ ಬದಲಿಸಲಿ, ಒಳ್ಳೆಯದೇ. ಆದರೆ ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಹೋಗುತ್ತೆ ಅಷ್ಟೇ. ಹೊಲಿಗೆ ಮಷಿನ್ ಶಬ್ದ ಅದರಿಂದ ಬರಲ್ಲ.

ಜೇವರ್ಗಿ ರೋಡ್ · ಸೋಮವಾರ ಸಂಜೆ 7:30

ವರದಿ ಒಪ್ಪಿಸ್ತಿದ್ದೀನಿ.

ಆಯಿಲ್ ಕಡ್ಡಿ ನೋಡಿ ಮೈ ಜುಮ್ಮೆಂದಿತು. ಕೆಳಗಿನ ಗುರುತಿಗೂ ಕೆಳಗೆ. ಸರ್ವಿಸ್ ಆಗಿ ಎರಡೇ ತಿಂಗಳಾಗಿದೆ ಅಂತ ನಾನು ಬಾನೆಟ್ ಎತ್ತಿಯೇ ಇರಲಿಲ್ಲ. ಅದೇ ಗ್ರೇಡಿನ ಆಯಿಲ್ ಮುಕ್ಕಾಲು ಲೀಟರ್ ಹಿಡಿಯಿತು. ಹಾಕಿದ ಮೇಲೂ ಶಬ್ದ ಹಾಗೇ ಇದೆ.

ತಣ್ಣಗಿದ್ದಾಗಲೂ ಬರುತ್ತೆ, ಬಿಸಿಯಾದ ಮೇಲೂ ಬರುತ್ತೆ, ಬಿಸಿಯಾದ ಮೇಲೆ ತುಸು ಜೋರು. ಎಸಿ ಆನ್, ಆಫ್ ಏನೂ ವ್ಯತ್ಯಾಸ ಇಲ್ಲ. ಕ್ಲಚ್ ತುಳಿದರೂ ಅದೇ.

ದಪ್ಪ ಆಯಿಲ್ ಬಗ್ಗೆ ಏನಂತೀರಿ? ಒಂದು ಸಲ ಹಾಕಿ ನೋಡಲಾ?

ಡೀಸೆಲ್ ಕಾಕಾ · 7:38

ಹಾಕಿ. 20ಡಬ್ಲ್ಯೂ-50 ಹಾಕಿ. ನಾವು ಹಾಕಿಯೇ ಲಕ್ಷಾಂತರ ಕಿ.ಮೀ. ಓಡಿಸಿದ್ದೀವಿ.

ಮಿಸ್ತ್ರಿ ಮಗ · 7:55

ಕಾಕಾ, ನಿಮ್ಮ ಗಾಡಿಗೆ ಅದು ಸರಿ. ಇವರ ಇಂಜಿನ್‌ನಲ್ಲಿ ಸಂದುಗಳು ಸಣ್ಣವು. ಬೆಳಿಗ್ಗೆ ತಣ್ಣಗಿರುವಾಗ ದಪ್ಪ ಆಯಿಲ್ ಮೇಲೆ ವಾಲ್ವ್ ತೆರೆಯುವ ಕ್ಯಾಮ್ ತನಕ ಏರಲು ತಡ ಮಾಡುತ್ತೆ, ಅಷ್ಟು ಹೊತ್ತು ಲೋಹಕ್ಕೆ ಲೋಹ ಉಜ್ಜುತ್ತೆ. ಶಬ್ದ ಸ್ವಲ್ಪ ಮೆತ್ತಗಾಗಬಹುದು, ರೋಗ ಮಾತ್ರ ಅಲ್ಲೇ ಇರುತ್ತೆ. ಗಾಡಿ ಮಾರುವವರು ಮಾಡುವ ಕೆಲಸ ಅದು.

ಜೇವರ್ಗಿ ರೋಡ್ ಅಣ್ಣಾ, ಕ್ಲಚ್ ತುಳಿದರೆ ಬದಲಾಗಲ್ಲ ಅಂದರೆ ಕ್ಲಚ್ ಬೇರಿಂಗ್ ಅಲ್ಲ. ಬಿಸಿಯಾದರೂ ಹೋಗಲ್ಲ ಅಂದರೆ ಪಿಸ್ಟನ್ ಸಡಿಲಾಗಿ ಬಡಿಯುವುದೂ ಅಲ್ಲ, ಅದು ಬಿಸಿಯಾದಂತೆ ಕಡಿಮೆಯಾಗುತ್ತೆ. ಟೈಮಿಂಗ್ ಚೈನ್ ಆಗಿದ್ದರೆ ಬೆಳಿಗ್ಗೆ ಮೊದಲ ಕೆಲವು ಸೆಕೆಂಡ್ ಗರಗರ ಅಂತ ಜೋರಾಗಿ ಬರುತ್ತೆ, ನಿಮ್ಮದು ಒಂಟಿ ಠಕ್. ಉಳಿದದ್ದು ಟ್ಯಾಪೆಟ್, ಬೇರಿಂಗ್, ಇಲ್ಲ ಹೊರಗಿನ ಭಾಗ.

ನಾಳೆ ಪರಿಚಯದ ಮಿಸ್ತ್ರಿ ಕಡೆ ಹೋಗಿ ಮೂರು ಕೆಲಸ ಮಾಡಿಸಿ. ಮುಂದಿನ ಬೆಲ್ಟ್ ತೆಗೆದು ಅರ್ಧ ನಿಮಿಷ ಮಾತ್ರ ಸ್ಟಾರ್ಟ್ ಮಾಡಿ. ಜಾಸ್ತಿ ಬೇಡ, ವಾಟರ್ ಪಂಪೂ ಅದೇ ಬೆಲ್ಟ್ ಮೇಲೆ ಇರಬಹುದು. ಶಬ್ದ ಹೋದರೆ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಟೆನ್ಷನರ್ ಇವುಗಳಲ್ಲಿ ಒಂದು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ತುದಿ ಇಂಜಿನ್ ಮೇಲೆ, ಹಿಡಿ ಕಿವಿ ಪಕ್ಕದ ಎಲುಬಿಗೆ ಇಟ್ಟು ಕೇಳಿ. ಡಾಕ್ಟರ್ ಕೇಳಿದ ಹಾಗೆ ಕೇಳುತ್ತೆ. ಅಂಗಿಯ ತೋಳು, ಟವೆಲ್ ಫ್ಯಾನ್ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಕೊನೆಗೆ ಒಂದೊಂದೇ ಸಿಲಿಂಡರ್ ಬಂದ್ ಮಾಡಿ ನೋಡಿ. ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಕನೆಕ್ಟರ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕನೆಕ್ಟರ್ ಎರಡೂ ತೆಗೆಯಬೇಕು. ಇಲ್ಲದಿದ್ದರೆ ಸುಡದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತೆ. ಯಾವ ಸಿಲಿಂಡರ್ ಬಂದ್ ಮಾಡಿದಾಗ ಶಬ್ದ ಇಳಿಯುತ್ತೆ ಅಂತ ಬರೆದುಕೊಳ್ಳಿ.

ಶಹಾಬಾದ್ ಫರ್ಸಿ · 8:01

ಮೊದಲು ಕೆಳಗಿನ ಗಾರ್ಡ್ ಬಿಚ್ಚಿ ನೋಡ್ರಿ. ನನ್ನ ಮಾತು ಕೇಳಿ.

ನಿವೃತ್ತ ಮೇಷ್ಟ್ರು · 8:20

ಒಂದು ಉಪಕಾರ ಮಾಡಿ. ಫೋನಿನಲ್ಲಿ ಶಬ್ದ ರೆಕಾರ್ಡ್ ಮಾಡಿ ಇಲ್ಲಿ ಹಾಕಿ. ಆ ಹೊತ್ತಿನಲ್ಲಿ ಮೀಟರ್‌ನಲ್ಲಿ ಆರ್‌ಪಿಎಂ ಎಷ್ಟಿತ್ತು ಅಂತಲೂ ಬರೆಯಿರಿ.

ಜೇವರ್ಗಿ ರೋಡ್ · ಮಂಗಳವಾರ ಸಂಜೆ 6:50

ಬೆಲ್ಟ್ ತೆಗೆದರೂ ಶಬ್ದ ಇದೆ. ಸ್ಕ್ರೂಡ್ರೈವರ್ ಇಟ್ಟು ಕೇಳಿದರೆ ಕೆಳಗೆ ಆಯಿಲ್ ಪ್ಯಾನ್ ಹತ್ತಿರ ಮಂದ, ಮೇಲೆ ಹೆಡ್ ಹತ್ತಿರ ಜೋರು. (ಫರ್ಸಿ ಅವರೇ, ಗಾರ್ಡ್ ಕೂಡ ಬಿಚ್ಚಿಸಿದೆ. ಒಣಗಿದ ಎಲೆ, ಒಂದು ಶೇಂಗಾ ಸಿಪ್ಪೆ ಸಿಕ್ಕಿತು. ಪಾನಾ ಇಲ್ಲ.)

ಈಗ ಕೆಟ್ಟ ಸುದ್ದಿ. ಒಂದು, ಎರಡು, ನಾಲ್ಕನೇ ಸಿಲಿಂಡರ್ ಬಂದ್ ಮಾಡಿದರೆ ಶಬ್ದ ಹಾಗೇ ಇತ್ತು. ಮೂರನೇದು ಬಂದ್ ಮಾಡಿದ ಕೂಡಲೇ ಕಾಲು ಭಾಗಕ್ಕೆ ಇಳಿಯಿತು. ಮಿಸ್ತ್ರಿ ನನ್ನ ಮುಖ ನೋಡಿ ‘ಬಿಗ್ ಎಂಡ್ ಬೇರಿಂಗೇ ಸಾಹೇಬ್ರೇ’ ಅಂದ. ರಾಡ್ ಕ್ರ್ಯಾಂಕ್ ಹಿಡಿಯುವ ಜಾಗದ ಬೇರಿಂಗ್ ಅದು.

ರೆಕಾರ್ಡಿಂಗ್ ಹಾಕಿದ್ದೀನಿ. ಆರ್‌ಪಿಎಂ 800.

ಡೀಸೆಲ್ ಕಾಕಾ · 6:58

ಮುಗೀತು. ಮಾರಿಬಿಡಿ.

ಬಿದ್ರಿ ಬಾಬು · 7:03

ಬೀದರ್‌ನಲ್ಲಿ ನನಗೆ ಗೊತ್ತಿರುವವರೊಬ್ಬರು ಹಳೇ ಇಂಜಿನ್ ತರಿಸಿ ಕೊಡ್ತಾರೆ. ಬೇಕಾದರೆ ಹೇಳಿ, ಕೇಳ್ತೀನಿ.

ಮಿಸ್ತ್ರಿ ಮಗ · 7:20

ಒಂದು ನಿಮಿಷ ತಡೆಯಿರಿ. ಮೂರನೇ ಸಿಲಿಂಡರ್ ಬಂದ್ ಮಾಡಿದರೆ ಇಳಿಯಿತು ಅನ್ನುವುದು ಬೇರಿಂಗ್ ಕಡೆಗೇ ಕೈ ತೋರಿಸುತ್ತೆ, ಸುಳ್ಳಲ್ಲ. ಆ ಸಿಲಿಂಡರ್‌ನಲ್ಲಿ ಬೆಂಕಿ ಇಲ್ಲ ಅಂದರೆ ರಾಡ್ ಮೇಲೆ ಹೊಡೆತ ಇಲ್ಲ, ಶಬ್ದ ಇಳಿಯುತ್ತೆ. ಆದರೆ ಬೇರಿಂಗ್ ಶಬ್ದ ಗುಂಡಗಿರುತ್ತೆ, ಧಬ್ ಧಬ್ ಅಂತ, ಕೆಳಗಿನಿಂದ ಬರುತ್ತೆ. ನಿಮ್ಮದು ಮೇಲೆ ಜೋರು ಅಂತೀರಿ. ನನಗೆ ಯಾಕೋ ಕೂಡಿಬರ್ತಿಲ್ಲ. ಆಯಿಲ್ ಒತ್ತಡ ಅಳೆಸಿ. ಆಯಿಲ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮೀಟರ್ ಹಾಕಿ ನೋಡ್ತಾರೆ, ಅರ್ಧ ಗಂಟೆ ಕೆಲಸ. ಬಿಸಿ ಇಂಜಿನ್‌ಗೆ ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್‌ಐ ಅನ್ನೋದು ಗ್ಯಾರೇಜ್ ಲೆಕ್ಕ. ಬೇರಿಂಗ್ ಸವೆದಿದ್ದರೆ ಒತ್ತಡ ಬಿದ್ದಿರುತ್ತೆ.

ನಿವೃತ್ತ ಮೇಷ್ಟ್ರು · 8:45

ರೆಕಾರ್ಡಿಂಗ್ ಕೇಳಿದೆ. ಮೊಮ್ಮಗಳು ಅದನ್ನು ನಿಧಾನ ಮಾಡಿ ಕೊಟ್ಟಳು, ಇಬ್ಬರೂ ಬೇರೆ ಬೇರೆಯಾಗಿ ಎಣಿಸಿದೆವು. ಹತ್ತು ಸೆಕೆಂಡಿಗೆ ಅವಳಿಗೆ 68, ನನಗೆ 67. ಅವಳದೇ ಸರಿ ಇರಬೇಕು. ನಿಮಿಷಕ್ಕೆ ಹೆಚ್ಚುಕಡಿಮೆ 400 ಆಯಿತು. ಕ್ರ್ಯಾಂಕ್ ತಿರುಗುವುದು 800. ಅಂದರೆ ಸರಿಯಾಗಿ ಅರ್ಧ.

ಕ್ರ್ಯಾಂಕ್ ಎರಡು ಸುತ್ತು ಹೊಡೆದಾಗ ಒಂದು ಸಲ ಆಗುವ ಕೆಲಸ ಯಾವುದು? ಕ್ಯಾಮ್ ಒಂದು ಸುತ್ತು, ಒಂದು ವಾಲ್ವ್ ತೆರೆಯುವುದು, ಒಂದು ಪ್ಲಗ್ ಕಿಡಿ ಹೊಡೆಯುವುದು. ಬೇರಿಂಗ್ ಪೂರ್ತಿ ನಿರಪರಾಧಿ ಅಂತ ಹೇಳುತ್ತಿಲ್ಲ, ಬೆಂಕಿ ಹೊಡೆದಾಗ ಮಾತ್ರ ಅದು ಕುಟ್ಟಿದರೂ ಇದೇ ಲೆಕ್ಕ ಬರಬಹುದು. ಆದರೆ ಅನುಮಾನ ಇಂಜಿನ್‌ನ ಮೇಲ್ಭಾಗಕ್ಕೆ ಹೋಗಬೇಕು.

ಸೇಡಂ ಧೂಳು · 8:52

ಹಾಗಾದರೆ ಟ್ಯಾಪೆಟ್. ಮುಗೀತು.

ಮಿಸ್ತ್ರಿ ಮಗ · 9:04

ಟ್ಯಾಪೆಟ್ ಆಗಿದ್ದರೆ ಸಿಲಿಂಡರ್ ಬಂದ್ ಮಾಡಿದರೂ ವಾಲ್ವ್ ಬಡಿಯುತ್ತಲೇ ಇರುತ್ತೆ ಧೂಳಣ್ಣಾ. ಬೆಂಕಿ ನಿಂತರೆ ಅದಕ್ಕೇನಾಗಬೇಕು? ಇಲ್ಲಿ ಇಳಿಯಿತು. ಮೇಲಿನಿಂದ ಬರುತ್ತೆ, ಅರ್ಧ ವೇಗ, ಬೆಂಕಿ ನಿಂತರೆ ಇಳಿಯುತ್ತೆ. ನನಗೆ ಮೂರನೇ ಪೋರ್ಟ್ ಹತ್ತಿರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿದೆ ಅನಿಸುತ್ತೆ. ಹೊಗೆ ಸಂದಿಯಿಂದ ಚಟ್ ಚಟ್ ಅಂತ ಹೊರಗೆ ಹಾರುತ್ತೆ, ಕೇಳಿದರೆ ಲೋಹ ಬಡಿದ ಹಾಗೇ ಇರುತ್ತೆ. ಒಂದು ಕಪ್ ಚಹಾ ಪಂದ್ಯ.

ಯಾದಗಿರಿ ಅಕ್ಕ · 9:30

ಓದ್ತಾ ಇದ್ದೆ, ಒಂದು ಪ್ರಶ್ನೆ. ಎರಡು ತಿಂಗಳ ಹಿಂದೆ ಸರ್ವಿಸ್ ಆಯ್ತು ಅಂದಿರಿ. ಆಗ ಸ್ಪಾರ್ಕ್ ಪ್ಲಗ್ ಬದಲಿಸಿದ್ದರಾ?

ಸೇಡಂ ಧೂಳು · 9:34

ಅಕ್ಕಾ, ಪ್ಲಗ್ ಕೆಟ್ಟರೆ ಗಾಡಿ ಮಿಸ್ ಹೊಡೆಯುತ್ತೆ, ಠಕ್ ಠಕ್ ಅನ್ನಲ್ಲ.

ಯಾದಗಿರಿ ಅಕ್ಕ · 9:41

ಕೆಟ್ಟರೆ ಅಂತ ನಾನು ಹೇಳಿಲ್ಲ ತಮ್ಮಾ. ಸಡಿಲಾದರೆ ಅಂತ ಕೇಳ್ತಿದ್ದೀನಿ.

ನಾನು ದಿನಾ ಯಾದಗಿರಿಯಿಂದ ಶಹಾಪುರಕ್ಕೆ ಡ್ಯೂಟಿಗೆ ಹೋಗಿ ಬರುವವಳು. ಹೋದ ವರ್ಷ ಪ್ಲಗ್ ಹಾಕಿದ ಹುಡುಗ ಒಂದನ್ನು ಕೈಯಲ್ಲೇ ತಿರುಗಿಸಿ, ಪಾನಾ ಹಾಕುವುದು ಮರೆತು, ಕಾಯಿಲ್ ಮುಚ್ಚಿಬಿಟ್ಟಿದ್ದ. ಒಂದು ತಿಂಗಳು ಏನೂ ಇಲ್ಲ. ಆಮೇಲೆ ಬರಬರುತ್ತಾ ಚಟ್ ಚಟ್ ಶುರುವಾಯಿತು, ಎಕ್ಸಲೇಟರ್ ಕೊಟ್ಟರೆ ಜೋರು. ನನಗೂ ಇಂಜಿನ್ ಕೆಲಸ ಅಂದಿದ್ದರು. ಇಂಜಿನ್ ಇಳಿಸುವ ಮುಂಚೆ ನಾಲ್ಕು ಪ್ಲಗ್ ನೋಡಲು ಎಷ್ಟು ಹೊತ್ತು ಬೇಕು? ಹತ್ತು ನಿಮಿಷ. ಇಂಜಿನ್ ತಣ್ಣಗಿರುವಾಗ ಮಾತ್ರ ಕೈ ಹಾಕಿ. ಅಲ್ಯೂಮಿನಿಯಂ ಹೆಡ್, ಬಿಸಿಯಲ್ಲಿ ತಿರುಗಿಸಿದರೆ ಆಂಟೆ (ತಿರುಪಿನ ಗೆರೆ) ಹೋಗುತ್ತೆ, ಆಗ ಖರೇ ಖರ್ಚು.

ಮಿಸ್ತ್ರಿ ಮಗ · 9:48

ಅಕ್ಕಾ... ಹೌದಲ್ವಾ. ಅದೂ ಇದೇ ಲೆಕ್ಕಕ್ಕೆ ಕೂಡುತ್ತೆ. ನನಗೆ ಹೊಳೆಯಲೇ ಇಲ್ಲ.

ಜೇವರ್ಗಿ ರೋಡ್ · 9:55

ಬದಲಿಸಿದ್ದರು ಅಕ್ಕಾ. ಯುಗಾದಿ ಮುಂಚೆ. ಬಿಲ್‌ನಲ್ಲಿ ನಾಲ್ಕು ಪ್ಲಗ್ ಇದೆ, ಈಗಷ್ಟೇ ತೆಗೆದು ನೋಡಿದೆ.

ಕೆಂಪು ಬಾಳೆ · 9:57

ಇವತ್ತು ರಾತ್ರಿ ಯಾರಿಗೂ ನಿದ್ದೆ ಇಲ್ಲ.

ಜೇವರ್ಗಿ ರೋಡ್ · ಬುಧವಾರ ಮಧ್ಯಾಹ್ನ 12:20

ಮೊದಲು ಆಯಿಲ್ ಒತ್ತಡ. ಮಿಸ್ತ್ರಿ ಮಗ ಹೇಳಿದರಲ್ಲ, ಅದನ್ನೂ ಮಾಡಿಸಿಬಿಟ್ಟೆ. ಬಿಸಿಯಾದ ಮೇಲೆ ನಿಂತಲ್ಲಿ 22 ಪಿಎಸ್‌ಐ, ಮೂರು ಸಾವಿರ ಆರ್‌ಪಿಎಂನಲ್ಲಿ 50. ಮಿಸ್ತ್ರಿ ತಲೆ ಕೆರೆದುಕೊಂಡು, ‘ಬೇರಿಂಗ್ ಹೋಗಿದ್ದರೆ ಇಷ್ಟು ಬರಲ್ಲ’ ಅಂದ.

ಆಮೇಲೆ ಗಾಡಿ ಅಲ್ಲೇ ಆರಲು ಬಿಟ್ಟು, ರೊಟ್ಟಿ ಊಟ ಮಾಡಿ ಬಂದು ಕಾಯಿಲ್ ಬಿಚ್ಚಿದೆವು. ಒಂದನೇದು, ಎರಡನೇದು ಚೊಕ್ಕಟ. ಮೂರನೇ ಕಾಯಿಲ್ ಎಳೆದಾಗಲೇ ಸುಟ್ಟ ರಬ್ಬರ್ ವಾಸನೆ ಮೂಗಿಗೆ ಹೊಡೆಯಿತು. ಕಾಯಿಲ್‌ನ ರಬ್ಬರ್ ಕೊಳವೆ ತುದಿಯಲ್ಲಿ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಟಾರ್ಚ್ ಹಾಕಿ ಗುಂಡಿಯೊಳಗೆ ನೋಡಿದರೆ ಪ್ಲಗ್ ಸುತ್ತ ಕಪ್ಪು ಮಸಿ, ರೊಟ್ಟಿ ಹಂಚಿನ ತಳದ ಹಾಗೆ. ಮಿಸ್ತ್ರಿ ಪ್ಲಗ್ ಪಾನಾ ಇಳಿಸಿದ. ಹಿಡಿ ಹಾಕಲೇ ಇಲ್ಲ. ಎರಡು ಬೆರಳಲ್ಲಿ ಸಾಕೆಟ್ ತಿರುಗಿಸಿದ, ಪ್ಲಗ್ ತಿರುಗುತ್ತಾ ಬಂತು!

ಹೊರಗೆ ತೆಗೆದು ಅಂಗೈ ಮೇಲಿಟ್ಟ. ಕೆಳಗಿನ ವಾಷರ್ ಚಪ್ಪಟೆಯೇ ಆಗಿಲ್ಲ, ಹೊಸದರ ಹಾಗೆ ಉಬ್ಬಿಕೊಂಡಿದೆ. ಮೇಲಿನ ಬಿಳಿ ಪಿಂಗಾಣಿ ಮೇಲೆ ಕಂದು ಗೆರೆಗಳು. ಬೆಂಕಿ ಹೊಡೆಯುವ ತುದಿ ಸುಣ್ಣದ ಹಾಗೆ ಬೆಳ್ಳಗೆ. ಉಳಿದ ಮೂರರ ತುದಿ ತಿಳಿ ಕಂದು ಬಣ್ಣ.

ನಾಲ್ಕೂ ಹೊಸದು ಹಾಕಿಸಿದೆ. ಈ ಸಲ ಪಕ್ಕದಲ್ಲೇ ನಿಂತು ನೋಡಿದೆ. ಕೈಯಲ್ಲಿ ಕೂರುವ ತನಕ ತಿರುಗಿಸಿ, ಆಮೇಲೆ ಟಾರ್ಕ್ ಪಾನಾದಿಂದ ಬಿಗಿ ಮಾಡಿದ. ಸೆಲ್ಫ್ ಹೊಡೆದೆ. ನಿಶ್ಶಬ್ದ! ಪಕ್ಕದಲ್ಲಿ ನಿಂತಿದ್ದ ಆಟೋದವರು ‘ಸ್ಟಾರ್ಟ್ ಆಗಲಿಲ್ವಾ?’ ಅಂತ ಕೇಳಿದರು.

ಪ್ಲಗ್, ಕಾಯಿಲ್ ರಬ್ಬರ್, ಮಜೂರಿ ಎಲ್ಲ ಸೇರಿ 1,450 ರೂಪಾಯಿ. ಅಕ್ಕಾ, ನಿಮಗೆ ದೊಡ್ಡ ನಮಸ್ಕಾರ.

ಯಾದಗಿರಿ ಅಕ್ಕ · 12:41

ನಮಸ್ಕಾರ ಇರಲಿ, ವಾರಕ್ಕೊಂದು ಸಲ ಆಯಿಲ್ ಕಡ್ಡಿ ನೋಡಿ. ಮುಕ್ಕಾಲು ಲೀಟರ್ ಎರಡು ತಿಂಗಳಲ್ಲಿ ಎಲ್ಲಿ ಹೋಯ್ತು, ಅದು ಇನ್ನೂ ಬಾಕಿ ಇದೆ.

ಬಿದ್ರಿ ಬಾಬು · 12:50

ಸರಿ, ಠಕ್ ಠಕ್ ಹೋಯ್ತು. ಹಾಗಾದರೆ ಕಮಲಾಪುರದ ಚಿಣ್ ಚಿಣ್? ಅದು ಎಥೆನಾಲೇ ಅಲ್ವಾ?

ನಿವೃತ್ತ ಮೇಷ್ಟ್ರು · 1:30

ಬಿಡುವುದಿಲ್ಲ ನೀನು. ಅದಕ್ಕೂ ಇದೇ ಪ್ಲಗ್ ಕಾರಣ ಇರಬಹುದು ಬಾಬು. ಪ್ಲಗ್‌ನ ಬಿಸಿ ಹೆಚ್ಚಿನ ಪಾಲು ಆಂಟೆ, ವಾಷರ್ ಮೂಲಕವೇ ಹೆಡ್‌ಗೆ ಇಳಿದು ಅಲ್ಲಿಂದ ನೀರಿಗೆ ಹೋಗಬೇಕು. ವಾಷರ್ ಕೂರದಿದ್ದರೆ ಆ ದಾರಿ ಅರ್ಧ ಬಂದ್. ತುದಿ ಕೆಂಡದ ಹಾಗೆ ಕಾಯುತ್ತದೆ, ಆ ಸಿಲಿಂಡರ್ ಪೂರ್ತಿ ಬಿಸಿಯಾಗಿ ನಾಕಿಂಗ್‌ಗೆ ಹತ್ತಿರವಾಗುತ್ತದೆ. ಅದು ಮಿತಿಮೀರಿದರೆ ಕಿಡಿಗೂ ಮೊದಲೇ ಆ ತುದಿಯಿಂದಲೇ ಬೆಂಕಿ ಹೊತ್ತುತ್ತದೆ. ತುದಿ ಸುಣ್ಣದ ಹಾಗಿತ್ತು ಅಂತ ಅವರು ಬರೆದದ್ದು ಬಿಸಿಯ ಗುರುತು. ಹಾಗೇ ಇನ್ನೂ ಹತ್ತು ಸಾವಿರ ಕಿ.ಮೀ. ಓಡಿಸಿದ್ದರೆ ಪಿಸ್ಟನ್‌ಗೆ ತೂತು ಬೀಳುವ ಸಾಧ್ಯತೆ ಇತ್ತು.

ಡೀಸೆಲ್ ಕಾಕಾ · 1:44

ಅದಕ್ಕೇ ಹೇಳೋದು, ಡೀಸೆಲ್ ತಗೊಳ್ಳಿ. ಪ್ಲಗ್ಗೇ ಇಲ್ಲ.

ಮಿಸ್ತ್ರಿ ಮಗ · 2:10

ಇಂಜೆಕ್ಟರ್ ಬಿಲ್ ತೋರಿಸಲಾ ಕಾಕಾ?

ಪಂದ್ಯ ಸೋತೆ, ಒಪ್ಪಿಕೊಂಡೆ. ಅಕ್ಕ ಕಲಬುರಗಿಗೆ ಬಂದಾಗ ಸೂಪರ್ ಮಾರ್ಕೆಟ್ ಹತ್ತಿರ ಚಹಾ ನನ್ನದು. ಅಪ್ಪನಿಗೆ ಈ ಕಥೆ ಹೇಳಿದೆ. ‘ನೀನು ಸ್ಕ್ರೂಡ್ರೈವರ್ ಇಡು, ಮೀಟರ್ ಹಾಕು ಅಂತ ಹೇಳಿದೆ, ಹಿಂದಿನ ಸಲ ಯಾರು ಕೈ ಹಾಕಿದ್ರು ಅಂತ ಕೇಳಲೇ ಇಲ್ಲ’ ಅಂದರು. ಊಟಕ್ಕೆ ಕೂತಾಗ ಮತ್ತೆ ಅಂದರು.

ಜೇವರ್ಗಿ ರೋಡ್ · ಶನಿವಾರ ಸಂಜೆ 5:15

ಕೊನೆಯ ವರದಿ. ಇವತ್ತು ಮತ್ತೆ ಬೀದರ್‌ಗೆ ಹೋಗಿ ಬಂದೆ, ಕಮಲಾಪುರದ ಏರಿನಲ್ಲಿ ಬೇಕಂತಲೇ ನಾಲ್ಕನೇ ಗೇರಲ್ಲಿ ಎಳೆದೆ. ಒಂದೆರಡು ಸೆಕೆಂಡ್ ಸಣ್ಣಗೆ ಚಿಣ್ ಅಂದ ಹಾಗಾಯಿತು. ಮೂರಕ್ಕೆ ಇಳಿಸಿದೆ, ಸದ್ದಿಲ್ಲದೆ ಏರಿತು. ಹಿಂದಿನ ಸೀಟಿನಿಂದ ಮನೆಯವರು ‘ಗೇರ್ ಹಾಕೋಕೆ ಇಷ್ಟು ದಿನ ಯಾಕೆ ಜಿಪುಣತನ ಮಾಡಿದ್ರಿ?’ ಅಂದರು.

ಮಿಸ್ತ್ರಿ ಮಗ · 5:40

ಅತ್ತಿಗೆ ಹೇಳಿದ್ದು ಸರಿ. ಏರಿನಲ್ಲಿ ಎರಡು ಸಾವಿರ ಆರ್‌ಪಿಎಂಗಿಂತ ಕೆಳಗೆ ಎಳೆಯಬೇಡಿ. 91 ಸಾವಿರ ಓಡಿದೆ ಅಂದರೆ ಪಿಸ್ಟನ್ ಮೇಲೆ ಕಾರ್ಬನ್ ಸ್ವಲ್ಪ ಇರುತ್ತೆ, ಸಣ್ಣಗೆ ಬಂದರೆ ಅದರದ್ದಿರಬಹುದು. ಆಯಿಲ್ ಹೇಗಿದೆ?

ಜೇವರ್ಗಿ ರೋಡ್ · 5:43

ಇವತ್ತು ಬೆಳಿಗ್ಗೆ ನೋಡಿದೆ. ಮೇಲಿನ ಗುರುತಿನಲ್ಲೇ ಇದೆ. ಒಂದು ಸಾವಿರ ಕಿ.ಮೀ. ಆದ ಮೇಲೆ ಮತ್ತೆ ನೋಡಿ ಬರೀತೀನಿ.

ಹೊಸ ಸದಸ್ಯ ಚಿಂಚೋಳಿ · ರಾತ್ರಿ 8:20

ಎಲ್ಲರಿಗೂ ನಮಸ್ಕಾರ. ನನ್ನ ಗಾಡಿಯಲ್ಲೂ ಶಬ್ದ ಇದೆ. ಆದರೆ ಓಡುವಾಗ ಇಲ್ಲ, ರಿವರ್ಸ್ ಹಾಕಿ ಕ್ಲಚ್ ಬಿಟ್ಟಾಗ ಒಂದು ಸಲ ಧಡ್ ಅನ್ನುತ್ತೆ, ಆಫ್ ಮಾಡಿದಾಗ ಇನ್ನೊಂದು ಸಲ. ಇದೂ ಪ್ಲಗ್ಗಾ?

ಮಿಸ್ತ್ರಿ ಮಗ · 8:26

ಅಲ್ಲ ಅಣ್ಣಾ, ಇಂಜಿನ್ ಫೌಂಡೇಶನ್ ರಬ್ಬರ್ ಹರಿದಿರಬೇಕು. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ನೋಡೋಣ. ಹಿಂದಿನ ಸಲ ಗಾಡಿಗೆ ಯಾರು ಕೈ ಹಾಕಿದ್ದರು ಅಂತ ಮೊದಲ ಸಾಲಲ್ಲೇ ಬರೆಯಿರಿ.

ಶಹಾಬಾದ್ ಫರ್ಸಿ · 8:31

ಕೆಳಗಿನ ಗಾರ್ಡ್ ಬಿಚ್ಚಿ ನೋಡಿದಿರಾ?